ಪಾಸಿದ್ದ ಮನೆಯ ಸೈಕಲ್ಲು

ಮನೆಮಂದಿಗೆಲ್ಲ ಬಸ್ಸು ಪುಕ್ಕಟೆ ಇರುವಾಗ ಸೈಕಲ್ಲು ಯಾಕೆ ಬೇಕು ಎಂಬುದೇ ಆ ಮನೆಯ ಜಗಳವಾಗಿತ್ತು. ಅಜ್ಜಿಯ ಮಗ ಬಸ್ ಡಿಪೋದಲ್ಲಿ ಸೀಟು ಹೊಲಿಯುವವನು. ಹರಿದ ರೆಕ್ಸಿನ್ ಕಿತ್ತು, ಕುಸಿದ ಸ್ಪಂಜು ಬದಲಾಯಿಸಿ, ಹೊಸ ಹೊದಿಕೆಯನ್ನು ಬಿಗಿಯಾಗಿ ಎಳೆದು ಹೊಲಿಯುವುದು ಅವನ ಕೆಲಸ. ಸಂಬಳ ಅಷ್ಟಕ್ಕಷ್ಟೆ. ಆದರೆ ಆ ಕೆಲಸದ ಜೊತೆಗೆ ಒಂದು ಪಾಸು ಬಂದಿತ್ತು. ಅವನು, ಅವನ ತಾಯಿ, ಅವನ ಮಗಳು ಯಾವ ಬಸ್ಸನ್ನಾದರೂ ಹತ್ತಬಹುದು, ಎಲ್ಲಿ ಬೇಕಾದರೂ ಇಳಿಯಬಹುದು. ಅಂಥ ಮನೆಯ ಹುಡುಗಿ ಒಂದು ಸಂಜೆ ಊಟದ ಮೇಜಿನ ಮುಂದೆ ಕೂತು, ತನಗೆ ರೋಡ್ ಬೈಕ್ ಬೇಕು ಎಂದಳು.

ಬೈಕ್ ಎಂದದ್ದೇ ತಡ, ಅಜ್ಜಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಹೊಗೆ ಉಗುಳುವ ಗಾಡಿಯ ಮೇಲೆ ಹೆಣ್ಣುಮಗಳು ಹೋಗಿ ಎಲ್ಲಾದರೂ ಕೈಕಾಲು ಮುರಿದುಕೊಂಡರೆ ಗತಿಯೇನು ಎಂದು ಶುರು ಮಾಡಿದಳು.

"ಬೈಕ್ ಅಲ್ಲ ಅಜ್ಜಿ, ಸೈಕಲ್ಲು. ರೋಡಲ್ಲಿ ಜೋರಾಗಿ ಓಡಿಸೋ ಸೈಕಲ್ಲು."

"ಮಿಕ್ಕ ಸೈಕಲ್ಲೆಲ್ಲ ಏನು ಮರದ ಮೇಲೆ ಓಡ್ತವಾ?"

ಹುಡುಗಿ ನಕ್ಕಳು. ಮಗ ನಗಲಿಲ್ಲ. ಬ್ರೆಡ್ಡಿನ ಅಂಚನ್ನು ಸಾರಿನಲ್ಲಿ ಅದ್ದುತ್ತ, ಕಾಲೇಜಿನ ಬಾಗಿಲಿಗೇ ಬಸ್ಸು ನಿಲ್ಲುತ್ತದೆ, ಡಿಪೋದವರೆಲ್ಲ ನಿನ್ನ ಮುಖ ಕಂಡವರು, ಇನ್ನೇನು ಬೇಕು ಎಂದು ಕೇಳಿದ. ಅವಳು ಬೇಕು ಎಂದಷ್ಟೇ ಹೇಳಿದಳು. ಯಾಕೆಂದು ಹೇಳಲಿಲ್ಲ.

ಅವಳನ್ನು ಅಜ್ಜಿ ಮಿಡತೆ ಎಂದೇ ಕರೆಯುತ್ತಿದ್ದಳು. ಹುಟ್ಟಿದಾಗಲೇ ಮೈಗಿಂತ ಕಾಲು ಉದ್ದ, ನಡೆಯುವುದಕ್ಕಿಂತ ಮೊದಲು ನೆಗೆಯಲು ಕಲಿತವಳು. ಈಗ ಹತ್ತೊಂಬತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಓದು ಓದುತ್ತಿದ್ದಳು. ಸಂಜೆ ಹೊತ್ತು ಒಂದು ಔಷಧಿ ಅಂಗಡಿಯಲ್ಲಿ ಬಿಲ್ಲು ಹಾಕುತ್ತಿದ್ದಳು. ಆ ಸಂಬಳದಲ್ಲಿ ಒಂದು ವರ್ಷದಿಂದ ಹೊಸ ಬಟ್ಟೆ ಕೊಂಡಿರಲಿಲ್ಲ, ಗೆಳತಿಯರ ಜೊತೆ ಹೊರಗೆ ತಿಂದಿರಲಿಲ್ಲ. ಅದೆಲ್ಲ ಈ ಸೈಕಲ್ಲಿಗಾಗಿ ಎಂದು ಅಜ್ಜಿಗೆ ಈಗ ಗೊತ್ತಾಯಿತು.

ತಂದೆ ಮಗಳ ನಡುವೆ ಒಂದು ವಾರ ಇದೇ ಮಾತು ನಡೆಯಿತು. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ, ಹಾಲು ಕಾಯಿಸುವಾಗ. ಕೊನೆಗೆ ಅಜ್ಜಿಗೇ ಸಾಕಾಗಿಹೋಯಿತು.

"ದುಡ್ಡು ಅವಳದು, ಕಾಲು ಅವಳದು. ನಿನ್ನ ಗಂಟೇನು ಹೋಗುತ್ತೆ?" ಎಂದು ಮಗನನ್ನು ಕೇಳಿದಳು.

ಮೋಸ ಹೋಗಬಾರದಲ್ಲ, ಅದಕ್ಕೆ ನಾನೂ ಬರುತ್ತೇನೆ ಎಂದ ಅವನು. ಅವನ ಒಪ್ಪಿಗೆ ಯಾವತ್ತೂ ಹಾಗೆಯೇ, ಹಿಂಬಾಗಿಲಿನಿಂದ ಬರುವಂಥದು. ಶನಿವಾರ ಮೂವರೂ ಹೊರಟರು. ಅಜ್ಜಿ ಮನೆಯಲ್ಲಿ ಕೂತು ಮಾಡುವುದೇನಿದೆ, ಪಾಸಿಗೂ ಧೂಳು ಹಿಡಿಯಬಾರದು ಎಂದು ಚೀಲ ಹಿಡಿದು ಮುಂದಾದಳು.

ಮೊದಲು ಹೋದದ್ದು ದೊಡ್ಡ ಅಂಗಡಿಗೆ. ಗಾಜಿನ ಹಿಂದೆ ಸಾಲಾಗಿ ನಿಂತ ಸೈಕಲ್ಲುಗಳ ಹ್ಯಾಂಡಲ್ಲುಗಳು ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ್ದವು. ಅಲ್ಲಿದ್ದ ಅತಿ ಅಗ್ಗದ್ದಕ್ಕೂ ಮಿಡತೆಯ ಒಂದು ವರ್ಷದ ಉಳಿತಾಯ ಅರ್ಧಕ್ಕೆ ಮುಟ್ಟುತ್ತಿರಲಿಲ್ಲ. ಅಂಗಡಿಯವನು ಕಂತಿನಲ್ಲಿ ಕೊಡುತ್ತೇನೆ ಎಂದ. ಮಗ ಅವನ ಮಾತು ಮುಗಿಯುವ ಮೊದಲೇ ಮೆಟ್ಟಿಲಿಳಿದಿದ್ದ.

ಎರಡನೆಯದು ಬಳಸಿದ ಸೈಕಲ್ಲು, ಮಾರುವವನ ಮನೆಯಲ್ಲಿಯೇ ಇತ್ತು. ಕೆಂಪು ಬಣ್ಣ, ಒಂದೇ ಬೆರಳಿನಲ್ಲಿ ಎತ್ತುವಷ್ಟು ಹಗುರ. ಮಿಡತೆಯ ಕಣ್ಣು ಅರಳಿಬಿಟ್ಟಿತು. ಬೆಲೆಯೂ ಕೈಗೆಟುಕುವಂಥದೇ. ಮಗ ಮಾತ್ರ ಮಂಡಿಯೂರಿ ಕೂತು, ಹೊಲಿಗೆ ನೋಡುವವನ ಹಾಗೆ ಕೊಳವೆಗಳು ಸೇರುವ ಜಾಗವನ್ನೆಲ್ಲ ಹೆಬ್ಬೆರಳಿನಲ್ಲಿ ಸವರಿ ನೋಡಿದ. ಒಂದು ಕಡೆ ಮಾತ್ರ ಬಣ್ಣ ಹೊಸದಿದೆಯಲ್ಲ, ಏನಾಗಿತ್ತು ಎಂದು ಕೇಳಿದ. ಮಾರುವವನು ಗೀಚಿತ್ತು ಎಂದ, ಆಮೇಲೆ ಬಿದ್ದಿತ್ತು ಎಂದ, ಆಮೇಲೆ ಬೆಲೆ ಇಳಿಸುತ್ತೇನೆ ಎಂದ. ಮಿಡತೆ ತಾನೇ ಬೇಡ ಎಂದು ಎದ್ದಳು.

ಮೂರನೆಯದು ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರದು. ಮಂಡಿ ಸವೆದು ಹತ್ತಲಾರದೆ ಮಾರುತ್ತಿದ್ದರು. ಬೂದು ಬಣ್ಣದ ಹಳೆಯ ಉಕ್ಕಿನ ಸೈಕಲ್ಲು, ಅಲ್ಲಲ್ಲಿ ಬಣ್ಣ ಹಾರಿತ್ತು, ಸೀಟು ಹರಿದಿತ್ತು. ಮೇಷ್ಟ್ರು ಮಿಡತೆಯನ್ನು ಸೈಕಲ್ಲಿನ ಮೇಲೆ ಕೂರಿಸಿ, ಕಾಲು ಎಷ್ಟು ಚಾಚುತ್ತದೆ ನೋಡಿ, ಸೀಟನ್ನು ಒಂದಿಷ್ಟು ಏರಿಸಿ ಮತ್ತೆ ಕೂರಿಸಿದರು.

"ಚೆಂದ ನೋಡಿ ತಗೋಬೇಡಮ್ಮ, ಅಳತೆ ನೋಡಿ ತಗೋ. ಚಪ್ಪಲಿ ಇದ್ದ ಹಾಗೆ ಇದು," ಎಂದರು. ಉಳಿದ ದುಡ್ಡಿನಲ್ಲಿ ಎರಡು ಹೊಸ ಟೈರು, ಹೆಲ್ಮೆಟ್ಟು, ಒಂದು ಕೈಪಂಪು ಕೊಂಡುಕೊ ಎಂದರು. ಎಲ್ಲಿಯವರೆಗೆ ಓಡಿಸುವ ಅಂದಾಜು ಎಂದು ಕೇಳಿದರು. ಕಾಲೇಜಿಗೆ ಎಂದಳು. ಅಷ್ಟಕ್ಕೆ ಇಂಥದು ಬೇಕಿಲ್ಲವಲ್ಲ, ಯಾವ ಸೈಕಲ್ಲಾದರೂ ಸಾಕು ಎಂದು ಮೇಷ್ಟ್ರು ಅಂದರು. ಮಿಡತೆ ಅಪ್ಪನ ಕಡೆ ಒಮ್ಮೆ ನೋಡಿ, ಭಾನುವಾರ ಕಾಲೇಜಿನ ಗೆಳತಿಯರ ಜೊತೆ ದೂರ ಹೋಗುವುದಿದೆ ಎಂದಳು. ಆ ನೋಟವನ್ನು ಅಜ್ಜಿ ಕಂಡಳು. ಪ್ರಾಯದ ಹುಡುಗಿ, ಗೆಳತಿಯೋ ಗೆಳೆಯನೋ ಎಂದುಕೊಂಡು ಸುಮ್ಮನಾದಳು.

ಮರುದಿನ ಮಗ ಹರಿದ ಸೀಟನ್ನು ಬಿಚ್ಚಿ ಡಿಪೋಗೆ ಒಯ್ದ. ಸಂಜೆ ತಂದಾಗ ಅದಕ್ಕೆ ಕಡುಗೆಂಪು ರೆಕ್ಸಿನ್ ಹೊದಿಸಿದ್ದ. ಅಂಚಿನುದ್ದಕ್ಕೂ ಎರಡೆಳೆಯ ಹೊಲಿಗೆ. ಒಳಗೆ ಸ್ಪಂಜನ್ನೂ ಬದಲಾಯಿಸಿದ್ದ.

"ಬಸ್ಸಿನ ಸೀಟೇ ಇದು. ಕೂತ್ಕೊಂಡಾಗ ಪಾಸಿನ ನೆನಪಾಗ್ಲಿ," ಎಂದ.

ಮಿಡತೆ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಅಪ್ಪಾ, ನೀನು ಎಷ್ಟು ಚೆನ್ನಾಗಿ ಹೊಲೀತೀಯ," ಎಂದಳು. ಆಮೇಲೆ ಯಾಕೋ ಅವಳ ಮುಖ ಬಾಡಿತು. ಊಟ ಅರ್ಧಕ್ಕೇ ಬಿಟ್ಟು ಎದ್ದಳು.

ಅಂದಿನಿಂದ ಪ್ರತಿ ಭಾನುವಾರ ಅವಳು ಬೆಳಗಿನ ಚಹಾ ಕುಡಿದು ಹೊರಡುವಳು, ಸಂಜೆ ಹೊತ್ತಿಗೆ ಬರುವಳು. ಅಂಗಿಯ ಬೆನ್ನಿನ ಮೇಲೆ ಬೆವರು ಒಣಗಿ ಉಪ್ಪಿನ ಗೆರೆ ಬಿದ್ದಿರುತ್ತಿತ್ತು. ಬಂದವಳು ಬಕಾಸುರನ ಹಾಗೆ ಉಣ್ಣುವಳು, ಕೂತಲ್ಲೇ ತೂಕಡಿಸುವಳು. ಮಗ ಸೈಕಲ್ಲನ್ನು ತಾನೇ ಒರೆಸಿ, ಚೈನಿಗೆ ಎಣ್ಣೆ ಬಿಟ್ಟು ಗೋಡೆಗೆ ಒರಗಿಸುವನು. ಮೊದಲು ಬೇಡ ಎಂದವನೇ ಡಿಪೋದಲ್ಲಿ ಮಗಳ ಸೈಕಲ್ಲಿನ ಬಗ್ಗೆ ಹೇಳಿಕೊಂಡು ತಿರುಗಿದ.

ಮೂರನೆಯ ಭಾನುವಾರವೋ ನಾಲ್ಕನೆಯದೋ, ಅವಳು ಹೆಲ್ಮೆಟ್ಟು ತೆಗೆದಾಗ ಅಜ್ಜಿ ಹುರಿಯುತ್ತಿದ್ದ ಆಲೂಗೆಡ್ಡೆ ಬಾಣಲೆಯಲ್ಲೇ ತಳ ಹಿಡಿಯಿತು. ಬೆಳಿಗ್ಗೆ ಕೂದಲನ್ನು ಹೇಗೋ ಗಂಟು ಹಾಕಿಕೊಂಡು ಹೋಗಿದ್ದ ಹುಡುಗಿ, ಈಗ ಬೆನ್ನ ಮೇಲೆ ನಾಲ್ಕೆಳೆಯ ಜಡೆ ಬಿಟ್ಟುಕೊಂಡು ನಿಂತಿದ್ದಳು. ಮೂರೆಳೆಯ ಜಡೆ ಯಾರಾದರೂ ಹೆಣೆಯುತ್ತಾರೆ. ಅಜ್ಜಿ ಕಂಡ ಹಾಗೆ ನಾಲ್ಕೆಳೆಯದನ್ನು ಅಷ್ಟು ನುಣ್ಣಗೆ, ಒಂದು ಕೂದಲೂ ಹೊರಗೆ ಬಾರದ ಹಾಗೆ ಹೆಣೆಯುತ್ತಿದ್ದವಳು ಒಬ್ಬಳೇ. ಅವಳು ಈ ಮನೆಯ ಸೊಸೆಯಾಗಿದ್ದವಳು.

ಅಜ್ಜಿ ಒಲೆ ಆರಿಸಿದಳು.

"ಆ ಜಡೆ ಬಿಚ್ಚಿಕೋ ಮಿಡತೆ. ನಿಮ್ಮಪ್ಪ ಬರೋ ಹೊತ್ತಾಯ್ತು."

ಹುಡುಗಿಯ ಕೈ ಹಿಂದಕ್ಕೆ ಹೋಗಿ ಜಡೆಯನ್ನು ಹಿಡಿದುಕೊಂಡಿತು. ಬಿಚ್ಚಲಿಲ್ಲ. ಅಜ್ಜಿಯೇ ಅವಳನ್ನು ಮಣೆಯ ಮೇಲೆ ಕೂರಿಸಿ, ಬಾಚಣಿಗೆ ತಂದು, ಒಂದೊಂದೇ ಎಳೆ ಬಿಡಿಸಿದಳು. ಬಿಡಿಸುತ್ತ ಬಿಡಿಸುತ್ತ ಕೇಳಿದಳು. ಹುಡುಗಿ ಎಲ್ಲ ಹೇಳಿದಳು.

ಆರು ವರ್ಷದ ಕೆಳಗೆ ಸೊಸೆಗೆ ದೂರದ ಒಂದು ಸಸಿ ನರ್ಸರಿಯಲ್ಲಿ ಮೇಲ್ವಿಚಾರಕಿಯ ಕೆಲಸ ಸಿಕ್ಕಿತ್ತು. ಇರಲು ಒಂದು ಮನೆಯನ್ನೂ ಕೊಡುತ್ತಿದ್ದರು. ಎಲ್ಲರೂ ಅಲ್ಲಿಗೇ ಹೋಗೋಣ ಎಂದಿದ್ದಳು. ಮಗ ಡಿಪೋ ಬಿಟ್ಟು ಬರುವುದಿಲ್ಲ ಎಂದ. ಹಾಗಾದರೆ ಒಂದು ವರ್ಷ ಹೋಗಿ ನೋಡಿ ಬರುತ್ತೇನೆ ಎಂದಳು. ಹೋಗೋರು ಹೋಗಬಹುದು ಎಂದ. ಹೋದಳು. ಹೋದ ಎರಡನೇ ವಾರಕ್ಕೆ ಅವಳ ಬಟ್ಟೆಬರೆಯನ್ನೆಲ್ಲ ಟ್ರಂಕಿಗೆ ತುಂಬಿ, ಬಸ್ಸಿನ ಮೇಲೆ ಹಾಕಿಸಿ, ನರ್ಸರಿ ಗೇಟಿನಲ್ಲಿ ಇಳಿಸಿಬಿಡಿ ಎಂದು ಕಂಡಕ್ಟರಿಗೆ ಹೇಳಿ ಕಳಿಸಿದ. ಡಿಪೋ ಪೂರ್ತಿ ನೋಡಿತು. ಆ ಟ್ರಂಕಿನ ಅವಮಾನ ಅವಳು ಮರೆಯಲಿಲ್ಲ. ತಾನಾಗಿ ಬಂದು ಕ್ಷಮೆ ಕೇಳಲಿ ಎಂದು ಅವನು ಕಾದ. ಮಾತು ಮುರಿದು ಬಿತ್ತು. ಮಗಳು ಓದುವ ಶಾಲೆ ಇಲ್ಲಿತ್ತು, ಇಲ್ಲೇ ಉಳಿದಳು. ಅತ್ತೆ ಸೊಸೆಯರಲ್ಲಿ ಒಂದು ದಿನವೂ ಮನಸ್ತಾಪ ಇರಲಿಲ್ಲ. ಆದರೆ ಅಜ್ಜಿ ಮಗನ ಅನ್ನ ಉಣ್ಣುವವಳು. ಅವನು ಆ ಹೆಸರು ಎತ್ತಬೇಡ ಎಂದ, ಅವಳು ಎತ್ತಲಿಲ್ಲ.

ಈಗ ಸೊಸೆಗೆ ಹೊಟ್ಟೆಯೊಳಗೆ ಗೆಡ್ಡೆ. ಒಮ್ಮೆ ಕೊಯ್ದು ತೆಗೆದಿದ್ದಾರೆ, ಅದು ಮತ್ತೆ ಬೆಳೆದಿದೆ. ಅಪ್ಪನಿಗೆ ತಿಳಿಯದಂತೆ ಮಾಡುತ್ತಿದ್ದ ಫೋನಿನಲ್ಲಿ ಅವಳ ದನಿ ಕೇಳಿಯೇ ಮಿಡತೆಗೆ ಅನುಮಾನ ಬಂದಿತ್ತು. ಬಸ್ಸು ಹತ್ತಿದರೆ ಆ ದಾರಿಯ ಕಂಡಕ್ಟರುಗಳಲ್ಲಿ ಯಾರೋ ಒಬ್ಬರು ಸಂಜೆಯೊಳಗೆ ಅಪ್ಪನಿಗೆ ಹೇಳುತ್ತಾರೆ. ಹೋಗಿಬರಲು ಎಪ್ಪತ್ತು ಕಿಲೋಮೀಟರು, ನಡುವೆ ಕೆರೆ ಏರಿಯ ಚಡಾವು, ಕಡಿದಾದ ಏರುದಾರಿ. ಸಾದಾ ಸೈಕಲ್ಲಿನಲ್ಲಿ ಆಗದ ಮಾತು.

"ನಿಮ್ಮಪ್ಪನಿಗೆ ಹೇಳಬಾರದಿತ್ತೇನೆ?"

"ಹೇಳಿ, ಅವನು ಬೇಡ ಅಂದ್ರೆ? ಆಮೇಲೆ ಹೋಗೋದು ಹೇಗೆ ಅಜ್ಜಿ?"

ಅಜ್ಜಿ ಬಾಚಣಿಗೆಗೆ ಸಿಕ್ಕ ಕೂದಲು ಬಿಡಿಸಿ ಎದ್ದಳು. ಮುಂದಿನ ಶನಿವಾರ ಅವಳು ಸಂತೆಯಿಂದ ಸೇಬು ತಂದು, ಸಿಪ್ಪೆ ತೆಗೆದು, ಸ್ವಲ್ಪವೇ ಸಕ್ಕರೆ ಹಾಕಿ ಮೆತ್ತಗೆ ಬೇಯಿಸಿದಳು. ಬಸುರಿಯಿದ್ದಾಗ ಸೊಸೆಗೆ ಬಾಯಿಗೆ ಹಿಡಿಸುತ್ತಿದ್ದದ್ದು ಅದೊಂದೇ. ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ, ಮಿಡತೆಯ ಬೆನ್ನಚೀಲದ ತಳದಲ್ಲಿ ಇಟ್ಟಳು. ಭಾನುವಾರ ಸಂಜೆ ಡಬ್ಬಿ ತೊಳೆದು ವಾಪಸು ಬಂತು. ಸಕ್ಕರೆ ಇನ್ನೂ ಕಮ್ಮಿ ಹಾಕಲು ಅತ್ತೆಗೆ ಹೇಳು ಎಂದು ಸೊಸೆ ಅಂದಿದ್ದಳಂತೆ. ಅಜ್ಜಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. ಸಾಯುವ ಕಾಲಕ್ಕೂ ಅಡುಗೆಗೆ ಹೆಸರಿಡುವುದನ್ನು ಬಿಡಲಿಲ್ಲ ಎಂದುಕೊಂಡಳು.

ಹೀಗೆ ಕೆಲವು ವಾರ ನಡೆಯಿತು. ಕದ್ದ ರೊಟ್ಟಿಗೆ ರುಚಿ ಹೆಚ್ಚು ಎನ್ನುತ್ತಾರೆ. ಅಜ್ಜಿ ಮಾತ್ರ ಮಗ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುವುದನ್ನು ನೋಡಿದಾಗಲೆಲ್ಲ ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದಳು.

ಹೇಳಿದವನು ಕೆಟ್ಟ ಮನಸ್ಸಿನವನಲ್ಲ. ಆ ದಾರಿಯ ಒಬ್ಬ ಡ್ರೈವರು, ಡಿಪೋದಲ್ಲಿ ಚಹಾ ಕುಡಿಯುತ್ತ, ನಿನ್ನ ಮಗಳು ಕೆರೆ ಏರಿಯ ಚಡಾವಿನಲ್ಲಿ ನನ್ನ ಬಸ್ಸನ್ನೇ ಹಿಂದೆ ಹಾಕಿದಳಲ್ಲ ಮಾರಾಯ, ಕಾಲೋ ರೆಕ್ಕೆಯೋ ಎಂದು ಹೊಗಳಿದ. ಪ್ರತಿ ಭಾನುವಾರ ನೋಡುತ್ತೇನೆ, ನರ್ಸರಿ ಕಡೆ ಹೋಗುತ್ತಾಳೆ ಎಂದ.

ಆ ಸಂಜೆ ಮಗ ಎಂದಿನಂತೆ ಕೈಕಾಲು ತೊಳೆದು ಮೇಜಿಗೆ ಬಂದ. ಅಜ್ಜಿ ಮೊಟ್ಟೆ ಬಡಿಸಿದಳು. ಅವನು ಮುಟ್ಟಲಿಲ್ಲ.

"ಎಷ್ಟು ವಾರದಿಂದ ಹೋಗ್ತಿದ್ದೀಯ?"

ಮಿಡತೆ ಸುಳ್ಳು ಹೇಳಲಿಲ್ಲ. "ಸೈಕಲ್ ತಗೊಂಡಾಗಿನಿಂದ."

"ಅದಕ್ಕೇ ತಗೊಂಡಿದ್ದಾ?"

"ಹೂಂ."

"ನನ್ನ ಕೈಯಿಂದಲೇ ಸೀಟು ಹೊಲಿಸ್ಕೊಂಡೆ." ಅವನ ದನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು ಎಂದು ಅಜ್ಜಿಗೆ ಆಮೇಲೆ ಎಷ್ಟೋ ಸಲ ಅನಿಸಿತು.

"ಅಪ್ಪ, ಅಮ್ಮನಿಗೆ ತುಂಬಾ ಹುಷಾರಿಲ್ಲ. ಉಳಿಯಲ್ಲ ಅಂತಿದ್ದಾರೆ. ನೀನೊಂದ್ಸಲ ಬಾ. ಬೇಕಾದ್ರೆ ಬೈದುಬಿಡು. ಬಾ."

ಮಗ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಈಗ ಎದ್ದಾನು, ಈಗ ಚಪ್ಪಲಿ ಮೆಟ್ಟಿಯಾನು ಎಂದು ಅಜ್ಜಿ ಕಾದಳು.

"ಹೋಗೋರು ಹೋಗಬಹುದು," ಎಂದ ಅವನು. "ನಾನು ಯಾರನ್ನೂ ಕಟ್ಟಿಹಾಕಿಲ್ಲ. ಆದ್ರೆ ಎರಡು ದೋಣಿ ಮೇಲೆ ಕಾಲಿಡೋರಿಗೆ ಈ ಮನೇಲಿ ಜಾಗ ಇಲ್ಲ."

ಅಜ್ಜಿ ಬಾಯಿಬಿಟ್ಟಳು. ಅದು ಮಗು ಕಣೋ, ಏನು ಮಾತಾಡುತ್ತಿದ್ದೀಯ ಎಂದಳು. ಅವನು ತಾಯಿಯ ಕಡೆ ತಿರುಗಿ, ನೀನೂ ಗೊತ್ತಿದ್ದು ಸುಮ್ಮನಿದ್ದೆಯಲ್ಲ, ಈ ಮನೆಯಲ್ಲಿ ಪೆದ್ದ ನಾನೊಬ್ಬನೇ ಎಂದು ಹೇಳಿ ಎದ್ದುಹೋದ.

ಮಿಡತೆ ಬೆಳಿಗ್ಗೆ ಪುಸ್ತಕ, ಎರಡು ಜೊತೆ ಬಟ್ಟೆ ಬೆನ್ನಿಗೆ ಹಾಕಿಕೊಂಡು ಸೈಕಲ್ಲು ಹೊರಗೆ ತೆಗೆದಳು. ಅಪ್ಪನ ಕೋಣೆಯ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತಳು. ಒಳಗಿನಿಂದ ಕೆಮ್ಮು ಕೇಳಿತು, ಬಾಗಿಲು ತೆರೆಯಲಿಲ್ಲ. ಅವಳು ಅಜ್ಜಿಯ ಕೆನ್ನೆ ಸವರಿ ಹೊರಟುಹೋದಳು.

ಆಮೇಲೆ ಆ ಮನೆಯಲ್ಲಿ ಇಬ್ಬರೇ. ಮಗ ದಿನಾ ಸಂಜೆ ಡಿಪೋದಿಂದ ಬರುವಾಗ ರೂಢಿಯಂತೆ ಬೇಕರಿಯಿಂದ ಮೂರು ಬನ್ನು ತರುತ್ತಿದ್ದ. ಒಂದು ಉಳಿಯುತ್ತಿತ್ತು. ಬೆಳಿಗ್ಗೆ ಅದನ್ನೇ ಚಹಾಕ್ಕೆ ಅದ್ದಿಕೊಂಡು ತಿಂದು ಹೋಗುವನು. ಮಾತಿಲ್ಲ ಕತೆಯಿಲ್ಲ. ಮಿಡತೆ ಮಧ್ಯಾಹ್ನ, ಅವನು ಡಿಪೋದಲ್ಲಿರುವ ಹೊತ್ತು ನೋಡಿ, ಅಜ್ಜಿಗೆ ಫೋನು ಮಾಡುತ್ತಿದ್ದಳು. ಔಷಧಿ ಅಂಗಡಿಯ ಕೆಲಸ ಬಿಟ್ಟದ್ದನ್ನು, ಅಮ್ಮನ ಪಕ್ಕ ಕೂತೇ ಓದುವುದನ್ನು, ನರ್ಸರಿಯ ಹೆಂಗಸರು ಸರದಿಯಲ್ಲಿ ಬಂದು ಬಟ್ಟೆ ಒಗೆದು ಕೊಡುವುದನ್ನು ಹೇಳುತ್ತಿದ್ದಳು. ಮಗ ಒಮ್ಮೆ ಮಾತ್ರ, ಹಲ್ಲುಜ್ಜುತ್ತ ಬೆನ್ನು ತಿರುಗಿಸಿಕೊಂಡೇ, ಫೋನು ಗೀನು ಬಂದಿತ್ತಾ ಎಂದು ಕೇಳಿದ. ಬಂದಿತ್ತು ಎಂದಳು ಅಜ್ಜಿ. ಅವನು ಮುಂದೆ ಕೇಳಲಿಲ್ಲ. ಕೇಳದವನಿಗೆ ಹೇಳಬಾರದು ಎಂದು ಅವಳೂ ಹಟ ಹಿಡಿದಳು. ಆ ಮನೆಯ ಗಾಳಿಯಲ್ಲೇ ಹಟ ಇತ್ತೋ ಏನೋ.

ಒಂದು ಮಧ್ಯಾಹ್ನ ಮಿಡತೆಯ ದನಿ ಬೇರೆಯಾಗಿತ್ತು.

"ಅಜ್ಜಿ, ಅಮ್ಮ ಸೇಬೂ ಬೇಡ ಅಂತಿದ್ದಾಳೆ."

ಅಜ್ಜಿ ಫೋನು ಇಟ್ಟು, ಒಲೆಯ ಮೇಲಿದ್ದದ್ದನ್ನು ಇಳಿಸಿ, ಸೀರೆ ಬದಲಿಸಿ, ಪಾಸು ಹುಡುಕಿ ತೆಗೆದುಕೊಂಡಳು. ಮನೆಗೆ ಬೀಗ ಹಾಕಿ, ಬೀಗದ ಕೈ ಕೊಡಲು ಡಿಪೋಗೆ ನಡೆದಳು. ಮಗ ಸೀಟುಗಳ ರಾಶಿಯ ನಡುವೆ ಸೂಜಿ ಹಿಡಿದು ಕೂತಿದ್ದ. ಕೈಗೆ ಬೀಗದ ಕೈ ಬಿದ್ದಾಗ ತಲೆಯೆತ್ತಿ ನೋಡಿದ. ಎಲ್ಲಿಗೆ ಎಂದು ಕೇಳಲಿಲ್ಲ. ಅವಳ ಹಿಂದೆಯೇ ಬಸ್ಸಿನವರೆಗೂ ಬಂದ.

ಬಸ್ಸಿನಲ್ಲಿ ಅರ್ಧ ಡಿಪೋ ಕೂತಿತ್ತು, ಬೆಳಗಿನ ಪಾಳಿ ಮುಗಿಸಿ ಮನೆಗೆ ಹೋಗುವವರು. ಎಲ್ಲಿಗಜ್ಜಿ ಎಂದು ಕಂಡಕ್ಟರು ಕೇಳಿದ.

"ಸೊಸೆ ಮನೆಗೆ," ಎಂದಳು ಅಜ್ಜಿ, ಹಿಂದಿನ ಸೀಟಿಗೂ ಕೇಳುವ ಹಾಗೆ. ಆರು ವರ್ಷ ಬಾಯಲ್ಲಿ ಕಟ್ಟಿಕೊಂಡಿದ್ದ ಮಾತು.

ಮಗ ಕೆಳಗೆ ಕಿಟಕಿಯ ಹತ್ತಿರ ನಿಂತಿದ್ದ. ನೀನೂ ಹತ್ತು ಎಂದಳು. ಕೆಲಸ ಇದೆ, ನಾಳೆ ಬೆಳಿಗ್ಗೆ ಎರಡು ಗಾಡಿ ಕಳಿಸಬೇಕು ಎಂದ. ಆಮೇಲೆ ಕಂಡಕ್ಟರನ್ನು ಕರೆದು, ಅಮ್ಮನನ್ನು ನರ್ಸರಿ ಸ್ಟಾಪಿನಲ್ಲಿ ಇಳಿಸಬೇಡ, ಅಲ್ಲಿಂದ ನಡೆಯಲು ದೂರವಾಗುತ್ತದೆ, ಇನ್ನೂ ಮುಂದೆ ಹೋಗಿ ನೀರಿನ ಟ್ಯಾಂಕಿನ ಹತ್ತಿರ ನಿಲ್ಲಿಸು, ಹಸಿರು ಬಾಗಿಲಿನ ಮನೆ ಅಲ್ಲಿಂದ ಎದುರಿಗೇ ಕಾಣುತ್ತದೆ ಎಂದು ಹೇಳಿದ.

ಬಸ್ಸು ಹೊರಟು ಎಷ್ಟೋ ದೂರ ಹೋದ ಮೇಲೆ ಅಜ್ಜಿಗೆ ಹೊಳೆಯಿತು. ಹಸಿರು ಬಾಗಿಲು ಇವನಿಗೆ ಹೇಗೆ ಗೊತ್ತು?

ಮನೆ ಒಂದೇ ಕೋಣೆಯದು, ಪಕ್ಕದಲ್ಲಿ ಅಡುಗೆಗೆ ಒಂದು ಮೂಲೆ. ಕಿಟಕಿಯ ಕಟ್ಟೆಯ ಮೇಲೆ ಚಿಕ್ಕ ಚಿಕ್ಕ ಬಟ್ಟಲುಗಳಲ್ಲಿ ಟೊಮೆಟೊ ಸಸಿಗಳು ತಲೆಯೆತ್ತಿದ್ದವು. ಮಂಚದ ಮೇಲಿದ್ದವಳು ತನ್ನ ಸೊಸೆ ಎಂದು ತಿಳಿಯಲು ಅಜ್ಜಿಗೆ ಒಂದು ಗಳಿಗೆ ಹಿಡಿಯಿತು. ಮೈಯಲ್ಲಿ ಉಳಿದಿದ್ದದ್ದು ಕಣ್ಣೊಂದೇ.

"ಬಸ್ಸಲ್ಲಿ ಬಂದ್ರಾ ಅತ್ತೆ? ನನ್ನ ಟ್ರಂಕು ಬಂದ ಬಸ್ಸಲ್ಲೇ?"

"ಅದೇ ಬಸ್ಸು. ನಾನು ಒಳಗೆ ಕೂತಿದ್ದೆ, ಟಾಪ್ ಮೇಲಲ್ಲ."

ಸೊಸೆ ನಗಲು ನೋಡಿದಳು. ನಗು ನೋವಾಗಿ ತಿರುಗಿತು. ಮಿಡತೆ ಓಡಿಬಂದು ದಿಂಬು ಎತ್ತರಿಸಿದಳು. ಆ ಹುಡುಗಿ ಎಷ್ಟು ಬೇಗ ನರ್ಸಮ್ಮನಾಗಿಬಿಟ್ಟಿದ್ದಾಳೆ ಎಂದು ಅಜ್ಜಿ ನೋಡುತ್ತಲೇ ಇದ್ದಳು.

ಅಜ್ಜಿ ಅಲ್ಲೇ ಉಳಿದಳು. ಗಂಜಿ ಕಾಯಿಸಿ ಚಮಚದಲ್ಲಿ ಹಾಕುವಳು, ಹೆಚ್ಚಿನದು ತುಟಿಯಿಂದ ಹೊರಗೇ ಬರುವುದು. ಅತ್ತೆ, ಅವರಿಗೆ ಊಟ ಯಾರು ಮಾಡಿ ಹಾಕುತ್ತಾರೆ ಎಂದು ಸೊಸೆ ಎರಡು ಸಲ ಕೇಳಿದಳು. ಒಂದು ಮಧ್ಯಾಹ್ನ ಮಿಡತೆ ಹೊರಗೆ ನಲ್ಲಿಯ ಹತ್ತಿರ ಬಟ್ಟೆ ಜಾಲಿಸುತ್ತಿದ್ದಾಗ, ಅಜ್ಜಿ ಹಸಿರು ಬಾಗಿಲಿನ ವಿಷಯ ಎತ್ತಿದಳು.

"ಬಂದಿದ್ರು," ಎಂದಳು ಸೊಸೆ. "ಹೋದ ವರ್ಷ, ನನಗೆ ಆಪರೇಷನ್ ಆದ ಮೇಲೆ. ಯಾರು ಹೇಳಿದ್ರೋ. ನೀರಿನ ಟ್ಯಾಂಕ್ ಹತ್ತಿರ ನಿಂತಿದ್ರು, ಕೈಯಲ್ಲೊಂದು ಚೀಲ. ಬಾಗಿಲವರೆಗೂ ಬಂದ್ರು. ನಾನು ಕಿಟಕಿಯಿಂದ ನೋಡ್ತಾ ಇದ್ದೆ."

"ಕರೀಲಿಲ್ವಾ?"

"ಅವರು ತಟ್ಟಲಿ ಅಂತ ನಾನು. ನಾನು ತೆಗೀಲಿ ಅಂತ ಅವರು. ಬಹಳ ಹೊತ್ತು ನಿಂತಿದ್ರು ಅತ್ತೆ. ಆಮೇಲೆ ಬಸ್ಸು ಬಂತು."

ಅಜ್ಜಿ ಅವಳ ಪಾದ ಒತ್ತುತ್ತ ಕೂತಳು. ಪಾದ ತಣ್ಣಗಿತ್ತು, ಎಷ್ಟು ಒತ್ತಿದರೂ ಬಿಸಿಯಾಗಲಿಲ್ಲ.

ಅವಳು ಹೋದದ್ದು ಬೆಳಿಗ್ಗೆ, ನರ್ಸರಿಯಲ್ಲಿ ಸಸಿಗಳಿಗೆ ನೀರು ಬಿಡುವ ಹೊತ್ತಿಗೆ. ಹಿಂದಿನ ದಿನವೇ ಅಜ್ಜಿ ಮಗನಿಗೆ ಫೋನು ಮಾಡಿ, ಈಗ ಬಾ ಎಂದಿದ್ದಳು. ಬೆಳಿಗ್ಗೆ ಬರುತ್ತೇನೆ ಎಂದಿದ್ದ. ಜೊತೆಯಲ್ಲಿ ದುಡಿದ ಹೆಂಗಸರು ಬಂದರು, ಅಳುವವರು ಅತ್ತರು, ಮಾಡಬೇಕಾದ್ದನ್ನು ಮಾಡಲು ಓಡಾಡಿದರು. ಮೊದಲ ಬಸ್ಸು ಟ್ಯಾಂಕಿನ ಹತ್ತಿರ ನಿಂತಾಗ ಮಗ ಇಳಿದ. ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ತಲೆ ಬಾಚಿದ್ದ. ಕೈಯಲ್ಲಿ ಸೇಬಿನ ಚೀಲ ಇತ್ತು. ಅಂಗಳದಲ್ಲಿ ಜನ ನಿಂತಿದ್ದನ್ನು ನೋಡಿ ಅವನ ನಡಿಗೆ ನಿಧಾನವಾಯಿತು, ಆಮೇಲೆ ನಿಂತಿತು. ಹಸಿರು ಬಾಗಿಲು ಅಂದು ಹಾರುಹೊಡೆದಿತ್ತು. ತಟ್ಟುವ ಅಗತ್ಯವೇ ಇರಲಿಲ್ಲ.

ಒಳಗೆ ಹೋಗಿ ಬಂದವನು ಸಸಿ ಪೆಟ್ಟಿಗೆಯೊಂದರ ಮೇಲೆ ಕುಸಿದು ಕೂತ. ಅಳಲಿಲ್ಲ. ಸೇಬಿನ ಚೀಲ ಇನ್ನೂ ಕೈಯಲ್ಲೇ ಇತ್ತು. ಮಿಡತೆ ಒಳಗಿನಿಂದ ಒಂದು ಲೋಟ ನೀರು ತಂದು ಅವನ ಮುಂದೆ ಹಿಡಿದಳು.

"ನೀರು ತಗೊಳ್ಳಿ. ನೀವು ತಿಂಡಿ ತಿಂದಿಲ್ಲ ಅನ್ಸುತ್ತೆ."

ಅಜ್ಜಿ ಬಾಗಿಲಲ್ಲೇ ನಿಂತಳು. ಮಾತು ಕಲಿತಾಗಿನಿಂದ ಅವನನ್ನು 'ನೀನು' ಎಂದವಳು, ಬೈಯುವಾಗಲೂ ಮುದ್ದು ಮಾಡುವಾಗಲೂ 'ನೀನು' ಎಂದವಳು. ದೊಡ್ಡವರಿಗೆ, ಪರಿಚಯವಿಲ್ಲದವರಿಗೆ, ಬಸ್ಸಿನಲ್ಲಿ ಜಾಗ ಕೇಳುವಾಗ ಆಡುವ ಮಾತನ್ನು ಅವಳು ಅಪ್ಪನಿಗೆ ಆಡಿದ್ದಳು. ಸಿಟ್ಟಿನಿಂದ ಆಡಿದ್ದಲ್ಲ. ಸಿಟ್ಟಾಗಿದ್ದರೆ ಇವತ್ತಲ್ಲ ನಾಳೆ ಇಳಿಯುತ್ತಿತ್ತು. ಮಗನಿಗೂ ಕೇಳಿಸಿತು. ಅವನು ತಲೆಯೆತ್ತಿ ಮಗಳ ಮುಖ ನೋಡಿದ, ಲೋಟ ತೆಗೆದುಕೊಂಡ, ಪೂರ್ತಿ ಕುಡಿದು ಅವಳ ಕೈಗೇ ವಾಪಸು ಕೊಟ್ಟ.

ಕಾಲೇಜು ಇದ್ದದ್ದು ಊರಿನಲ್ಲಿ, ಅಜ್ಜಿ ಇದ್ದದ್ದೂ ಅಲ್ಲೇ. ಎಲ್ಲ ಮುಗಿದ ಮೇಲೆ ಮಿಡತೆ ಮನೆಗೇ ಬಂದಳು. ಅಂಗಡಿಯವರು ಮತ್ತೆ ಕೆಲಸಕ್ಕೆ ಕರೆದರು. ಕೆಲವು ದಿನ ಬಿಟ್ಟು, ಬಟ್ಟೆ ಮಡಚುವಾಗ, ಅಜ್ಜಿ ಅವಳಿಗೆ ಅಪ್ಪ ಒಮ್ಮೆ ಹಸಿರು ಬಾಗಿಲವರೆಗೆ ಬಂದು ಹೋದದ್ದನ್ನು ಹೇಳಿದಳು. ಅವನ ಒಳಗೂ ಮನುಷ್ಯ ಇದ್ದಾನೆ ಮಿಡತೆ, ನೀನಾದರೂ ತಿಳಿದುಕೊ ಎಂದಳು.

ಮಿಡತೆ ಕೈಯಲ್ಲಿದ್ದ ಅಂಗಿಯ ತೋಳನ್ನು ಸರಿಯಾಗಿ ಒಳಕ್ಕೆ ಮಡಚಿದಳು. ಅದು ಅಪ್ಪನ ಅಂಗಿ.

"ತಟ್ಟಬೇಕಿತ್ತು ಅಜ್ಜಿ," ಎಂದಳು. ಅಂಗಿಯನ್ನು ಅವನ ಕಪಾಟಿನಲ್ಲಿಟ್ಟು ಬಂದಳು.

ಆ ಮನೆಯಲ್ಲಿ ಜಗಳ ನಿಂತುಹೋಯಿತು. ಮಗಳು ಬೇಗ ಎದ್ದು ಚಹಾ ಮಾಡುವಳು, ಅಪ್ಪನ ಡಬ್ಬಿ ಕಟ್ಟುವಳು, ಕೇಳಿದ್ದಕ್ಕೆಲ್ಲ ಉತ್ತರ ಕೊಡುವಳು. ಅಪ್ಪ ಅವಳಿಗೆ ಸೈಕಲ್ಲಿನ ಬಗ್ಗೆ, ಓದಿನ ಬಗ್ಗೆ ಏನಾದರೂ ಒಂದು ಕೇಳಲು ನೋಡುವನು. ಸರಿಯಾಗಿದೆ ಎನ್ನುವಳು, ನಡೀತಿದೆ ಎನ್ನುವಳು. ಅಜ್ಜಿಗೆ ಒಮ್ಮೊಮ್ಮೆ ಅನಿಸುತ್ತಿತ್ತು, ಇವರಿಬ್ಬರೂ ಮೊದಲಿನ ಹಾಗೆ ಪಾಸು ಸೈಕಲ್ಲು ಎಂದು ಒಂದು ವಾರ ಕಚ್ಚಾಡಿದರೆ ಸಾಕಿತ್ತು, ತಾನು ಕಿವಿ ಮುಚ್ಚಿಕೊಂಡು ಕೂರುತ್ತಿದ್ದೆ ಎಂದು.

ಒಂದು ಸಂಜೆ ಮೂವರೂ ಊಟಕ್ಕೆ ಕೂತಿದ್ದರು. ಮಗನ ತಟ್ಟೆ ಖಾಲಿಯಾಗಿದ್ದನ್ನು ಮಿಡತೆ ನೋಡಿದಳು.

"ಅಪ್ಪ, ನಿಮಗೆ ಇನ್ನೊಂದು ಬ್ರೆಡ್ ಹಾಕ್ಲಾ?"

ಮಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಮಗಳೊಬ್ಬಳನ್ನೇ ನೋಡಿದ.

"ಬೇಡಮ್ಮ," ಎಂದ. "ನೀವು ಊಟ ಮಾಡಿ."